ಕಲ್ಲಿನ ಜಾತಕ ಬರೆದ ಜೇಮ್ಸ್ ಹಟ್ಟನ್

ನಮ್ಮವರ ಹಳೆಯ ಹೋಟೆಲುಗಳಲ್ಲಿ ನೆಲಕ್ಕೆ ಶಹಾಬಾದಿ ಕಲ್ಲು, ಮೇಜಿಗೆ ಅಮೃತಶಿಲೆ. ಎರಡನ್ನೂ ದಿನಕ್ಕೆ ಹತ್ತಾರು ಬಾರಿ ಒರೆಸುವ ಬಂಧುಗಳಿಗೆ ಅವೆರಡೂ ಮೂಲದಲ್ಲಿ ಸುಣ್ಣಕಲ್ಲೇ ಎಂದರೆ ಆಶ್ಚರ್ಯವಾದೀತು. ಮೊದಲನೆಯದು ನೀರಿನಡಿಯಲ್ಲಿ ಪದರಪದರವಾಗಿ ಕುಳಿತು ಗಟ್ಟಿಯಾದ ಪದರುಶಿಲೆ. ಎರಡನೆಯದು ಹಾಗೆಯೇ ಹುಟ್ಟಿ, ತರುವಾಯ ಭೂಗರ್ಭದ ಕಾವಿನಲ್ಲಿಯೂ ಒತ್ತಡದಲ್ಲಿಯೂ ಬೆಂದು ಹರಳುಗಟ್ಟಿದ ರೂಪಾಂತರ ಶಿಲೆ. ಈ ರಹಸ್ಯದ ಬಾಗಿಲು ತೆರೆದವರಲ್ಲಿ ಅಗ್ರಗಣ್ಯನು ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್.

ಆತನು 1726ರಲ್ಲಿ ಎಡಿನ್‌ಬರೋ ನಗರದ ವರ್ತಕನೊಬ್ಬನ ಮಗನಾಗಿ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹದಿನೇಳನೆಯ ವಯಸ್ಸಿನಲ್ಲಿ ವಕೀಲನೊಬ್ಬನ ಕಚೇರಿ ಸೇರಿದನು. ಆದರೆ ಕಾಗದಪತ್ರ ನೋಡಬೇಕಾದ ಹೊತ್ತಿನಲ್ಲಿ ಜೊತೆಯ ಗುಮಾಸ್ತರಿಗೆ ರಸಾಯನದ ಪ್ರಯೋಗ ತೋರಿಸಿ ರಂಜಿಸುತ್ತಿದ್ದ ಕಾರಣ, ಯಜಮಾನನು ಬೇರೆ ಕಸುಬು ನೋಡಿಕೊಳ್ಳೆಂದು ಕಳುಹಿಸಿಬಿಟ್ಟನು. ನಮ್ಮ ಗುಮಾಸ್ತ ವಾಚಕರು ಇದನ್ನು ಅನುಕರಿಸಲೆಂದು ನಾವು ಹೇಳುವವರಲ್ಲ! ಬಳಿಕ ವೈದ್ಯಶಾಸ್ತ್ರ ಓದಿ 1749ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಪದವಿ ಪಡೆದನು. ವೈದ್ಯವೃತ್ತಿ ಮಾತ್ರ ಹಿಡಿಯಲಿಲ್ಲ. ಆತನ ಕೈಹಿಡಿದುದು ಮಸಿ. ಗೆಳೆಯನೊಬ್ಬನೊಡನೆ ಕೂಡಿ ಹೊಗೆಗೂಡಿನ ಮಸಿಯಿಂದ ನವಸಾಗರ ತೆಗೆಯುವ ಉದ್ಯಮದಲ್ಲಿ ತೊಡಗಿದನು. ಪಾತ್ರೆಗೆ ಕಲಾಯಿ ಹಾಕುವಾಗ ಎರಚುವ ನವಸಾಗರವೇ ಅದು. ಅದರಿಂದ ಜೀವನದ ಚಿಂತೆ ನೀಗಿತು.

ತಂದೆಯಿಂದ ಬಂದ ಜಮೀನಿನಲ್ಲಿ ಬೇಸಾಯ ಮಾಡುತ್ತಿದ್ದಾಗ ಆತನನ್ನು ಒಂದು ಪ್ರಶ್ನೆ ಕಾಡಿತು. ಮಳೆಗೆ ಹೊಲದ ಮಣ್ಣು ಕೊಚ್ಚಿ ಹಳ್ಳಕ್ಕೆ, ಹಳ್ಳದಿಂದ ಕಡಲಿಗೆ ಹೋಗುತ್ತದೆ. ಹೀಗಾದರೆ ನೆಲವೆಲ್ಲ ಕರಗಿ ಮುಗಿಯಬೇಕಲ್ಲವೆ? ಕಡಲ ತಳದಲ್ಲಿ ಮರಳು, ಕೆಸರು, ಚಿಪ್ಪುಗಳು ಕುಳಿತು ಕಲ್ಲಾಗಿ, ಭೂಮಿಯೊಳಗಿನ ಶಾಖದ ಬಲದಿಂದ ಮತ್ತೆ ಮೇಲೇಳುತ್ತವೆಂಬುದು ಆತನು ಕಂಡುಕೊಂಡ ಉತ್ತರ. 1785ರಲ್ಲಿ ಇದನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದಿಟ್ಟನು. ಆತನಿಗೆ ಅಸ್ವಸ್ಥತೆಯಿದ್ದುದರಿಂದ ಮೊದಲ ಭಾಗವನ್ನು ಓದಿದವನು ಮಿತ್ರ ಜೋಸೆಫ್ ಬ್ಲ್ಯಾಕ್.

ಗ್ರಾನೈಟ್ ಸಹ ಸಮುದ್ರದ ನೀರಿನಿಂದಲೇ ಹರಳುಗಟ್ಟಿತೆಂದು ಜರ್ಮನಿಯ ವರ್ನರನ ಪಕ್ಷದವರು ವಾದಿಸುತ್ತಿದ್ದ ಕಾಲವದು. ಹಟ್ಟನ್ ಗ್ಲೆನ್ ಟಿಲ್ಟ್ ಕಣಿವೆಗೆ ಹೋಗಿ, ಗ್ರಾನೈಟು ಎಳೆಎಳೆಯಾಗಿ ಹಳೆಯ ಶಿಲೆಯೊಳಗೆ ನುಗ್ಗಿರುವುದನ್ನು ಕಂಡನು. ಒಮ್ಮೆ ಕರಗಿ ಹರಿದ ಹೊರತು ಹಾಗೆ ನುಗ್ಗಲು ಸಾಧ್ಯವಿಲ್ಲ.

1788ರಲ್ಲಿ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಎಂಬ ಮಿತ್ರರೊಡನೆ ದೋಣಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿಗೆ ಹೋದನು. ಅಲ್ಲಿ ಕೆಳಗಿನ ಬೂದುಶಿಲೆಯ ಪದರಗಳು ಕಪಾಟಿನ ದಫ್ತರಗಳಂತೆ ನೆಟ್ಟಗೆ ನಿಂತಿವೆ. ಅವುಗಳ ಮೇಲೆ ಕೆಂಪು ಮರಳುಗಲ್ಲು ತುಸು ಓರೆಯಾಗಿ ಮಲಗಿದೆ. ಕೆಳಗಿನವು ಮಲಗಿ, ಗಟ್ಟಿಯಾಗಿ, ಮಡಿಸಿ ಎದ್ದು, ಸವೆದ ಮೇಲೆ ತಾನೆ ಮೇಲಿನವು ಬಂದು ಕುಳಿತುದು! ಎರಡರ ನಡುವಿನ ಅಂತರ 6 ಕೋಟಿ ವರ್ಷಗಳಿಗೂ ಮೀರಿದ್ದೆಂದು ಇಂದಿನ ಲೆಕ್ಕ. ಜಗತ್ತಿಗೆ 6,000 ವರ್ಷವೆಂದು ನಂಬಿದ್ದ ಜನರ ನಡುವೆ ಇದನ್ನು ಹೇಳಲು ಎದೆಗಾರಿಕೆ ಬೇಕಾಗಿತ್ತು. ನಾಸ್ತಿಕತೆಯ ಆರೋಪವೂ ಬಂದಿತು. ಮೂತ್ರಕೋಶದ ಕಲ್ಲಿನ ಬೇನೆಯಲ್ಲಿ ನರಳುತ್ತಲೇ 1795ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಹೊರತಂದನು. ಬರವಣಿಗೆ ಬಲು ಕ್ಲಿಷ್ಟ. ಜನರಿಗೆ ಅದು ತಿಳಿದುದು 1802ರಲ್ಲಿ ಪ್ಲೇಫೇರ್ ಬರೆದ ಪುಸ್ತಕದಿಂದ.

ಆತನು ತಪ್ಪಿದ್ದೂ ಉಂಟು. ಮರಳು ಕಲ್ಲಾಗುವುದಕ್ಕೂ ಬೆಂಕಿಯ ಕಾವೇ ಬೇಕೆಂದು ನಂಬಿದ್ದನು. ಪದರುಶಿಲೆಗೆ ಮೇಲಿನ ಭಾರವೂ, ನೀರು ತಂದು ಕಣಗಳ ನಡುವೆ ತುಂಬುವ ಸುಣ್ಣ, ಸಿಲಿಕಗಳ ಅಂಟೂ ಸಾಕು. ಕಾವಿನ ನಿಜವಾದ ಕೈವಾಡ ರೂಪಾಂತರದಲ್ಲಿದೆ. ಅಲ್ಲಿ ಕಲ್ಲು ಕರಗದೆಯೇ ಬದಲಾಗುತ್ತದೆ. ಮರಳುಗಲ್ಲು ಕ್ವಾರ್ಟ್ಸೈಟ್ ಆಗುತ್ತದೆ, ಜೇಡಿಯ ಕಲ್ಲು ಸ್ಲೇಟಾಗುತ್ತದೆ. ಸುಣ್ಣಕಲ್ಲನ್ನು ತೆರೆದ ಭಟ್ಟಿಯಲ್ಲಿ ಕಾಯಿಸಿದರೆ ಸುಟ್ಟ ಸುಣ್ಣವಾಗುತ್ತದೆಯಲ್ಲದೆ ಅಮೃತಶಿಲೆಯಾಗದು. ಹಟ್ಟನ್ ತೀರಿಕೊಂಡ ಮೇಲೆ ಹಾಲ್ ಅದರ ಪುಡಿಯನ್ನು ಬಂದೂಕದ ನಳಿಗೆಯೊಳಗೆ ಭದ್ರವಾಗಿ ಮುಚ್ಚಿ ಕಾಯಿಸಿದನು. ಒತ್ತಡದಲ್ಲಿ ಸಿಕ್ಕಿದ ಪುಡಿಯು ಅಮೃತಶಿಲೆಯಂತೆ ಹರಳುಗಟ್ಟಿತು.

ರೂಪಾಂತರ ಶಿಲೆಯೆಂಬ ಹೆಸರನ್ನು 1833ರಲ್ಲಿ ಇಟ್ಟವನು ಚಾರ್ಲ್ಸ್ ಲಯಲ್. ಲಯಲ್ ಹುಟ್ಟಿದುದು 1797ರಲ್ಲಿ. ಹಟ್ಟನ್ ಮಡಿದುದೂ ಅದೇ ವರ್ಷದ ಮಾರ್ಚಿನಲ್ಲಿ. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿರುವ ಆತನ ಸಮಾಧಿಗೆ 1947ರವರೆಗೂ ಗುರುತಿನ ಫಲಕವೊಂದಿರಲಿಲ್ಲ.