ಕೋಲಾರದಲ್ಲಿ ಚಿನ್ನ ಹುಡುಕಿದ ಲ್ಯಾವೆಲ್ಲೆ, ಕೊನೆಗೆ ಉಳಿದದ್ದು ರಸ್ತೆಗೆ ಹೆಸರು

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಎಲ್ಲರಿಗೂ ಗೊತ್ತು. ಆದರೆ ಕೆಜಿಎಫ್ ಗಣಿಗೂ ಆ ಹೆಸರಿಗೂ ಇರುವ ನಂಟು ಗೊತ್ತಿರುವವರು ಕಡಿಮೆ.

ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ ಐರ್ಲೆಂಡ್ ಮೂಲದ ಸೈನಿಕ. ನ್ಯೂಜಿಲೆಂಡ್‌ನ ಮಾವೋರಿ ಯುದ್ಧದಲ್ಲಿ ಹೋರಾಡಿ ನಿವೃತ್ತರಾದ ಅವರು 1871ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಬಂದರು. ಆಗ ಅವರ ಕಣ್ಣಿಗೆ ಬಿದ್ದದ್ದು ಲೆಫ್ಟಿನೆಂಟ್ ಜಾನ್ ವಾರನ್ ಅವರ 1804ರ ವರದಿ. ಟಿಪ್ಪು ಪತನದ ನಂತರ ಈ ಭಾಗದಲ್ಲಿ ಸರ್ವೆ ನಡೆಸಿದ್ದ ವಾರನ್, ಊರಿಗಾಂ ಹಾಗೂ ಮಾರಿಕುಪ್ಪಂ ಸುತ್ತಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ದಾಖಲಿಸಿದ್ದರು.

ಲ್ಯಾವೆಲ್ಲೆ ಎತ್ತಿನ ಗಾಡಿ ಹತ್ತಿ ಕೋಲಾರದ ಕಡೆ ಹೊರಟರು. ಜಾಗಗಳನ್ನು ಗುರುತಿಸಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದರು. 1875ರ ಫೆಬ್ರವರಿ 2ರಂದು 20 ವರ್ಷಗಳ ಗುತ್ತಿಗೆ ಸಿಕ್ಕಿತು.

ಸಮಸ್ಯೆ ಶುರುವಾದದ್ದೇ ಅಲ್ಲಿಂದ. ಇಲ್ಲಿನ ಚಿನ್ನದ ಬಹುಪಾಲು ಇದ್ದದ್ದು ಮೇಲ್ಮಣ್ಣಿನಲ್ಲಲ್ಲ, ಗಟ್ಟಿ ಬಂಡೆಯ ನಡುವೆ ಆಳಕ್ಕೆ ಇಳಿದಿದ್ದ ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ತೆಗೆಯಲು ಯಂತ್ರ ಬೇಕು, ದೊಡ್ಡ ಬಂಡವಾಳ ಬೇಕು. ಲ್ಯಾವೆಲ್ಲೆ ಬಳಿ ಎರಡೂ ಇರಲಿಲ್ಲ. 1877ರಲ್ಲಿ ಹಕ್ಕು ಬೇರೆಯವರ ಕೈಸೇರಿತು.

ನಂತರ 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಹೋಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಕೆಜಿಎಫ್‌ನಿಂದ ಹೊರಬಂದಿದ್ದ ಚಿನ್ನ ಸುಮಾರು 800 ಟನ್.

ಲ್ಯಾವೆಲ್ಲೆ ಹೆಸರು ರಸ್ತೆಯ ಫಲಕದಲ್ಲಾದರೂ ಉಳಿದಿದೆ. ವಾರನ್‌ಗೆ ಮಣ್ಣು ತೊಳೆದು ತೋರಿಸಿದ ಹಳ್ಳಿಗರ ಹೆಸರು ಎಲ್ಲೂ ಇಲ್ಲ.