ಶ್ರೀ ಎಸ್. ನಿಜಲಿಂಗಪ್ಪನವರು: ಒಂದು ಜೀವನರೇಖೆ

ಪೀಠವನ್ನು ಏರುವುದು ಒಂದು ಸಾಧನೆಯಾದರೆ, ಏರಿದ ಪೀಠದ ಮರ್ಯಾದೆಯನ್ನು ಕಾಯುವುದು ಮತ್ತೊಂದು ಸಾಧನೆ. ಏರಿದವರನ್ನು ನಾಡು ಹೂಮಾಲೆಯಿಂದ ಗೌರವಿಸುತ್ತದೆ. ಕಾದವರನ್ನು ಅನೇಕ ವೇಳೆ ಮರೆತುಬಿಡುತ್ತದೆ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, ಎರಡು ಸಲ ಮುಖ್ಯಮಂತ್ರಿಯಾಗಿ, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಯನ್ನಲಂಕರಿಸಿ, ಆ ಮಹಾಸಂಸ್ಥೆ ತಮ್ಮ ಕಣ್ಣೆದುರಿನಲ್ಲಿಯೇ ಇಬ್ಭಾಗವಾದುದನ್ನು ಕಂಡ ದಿವಂಗತ ಎಸ್. ನಿಜಲಿಂಗಪ್ಪನವರು ಈ ಎರಡನೆಯ ಪಂಗಡಕ್ಕೆ ಸೇರಿದವರು. ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರು ರಸ್ತೆಯ ಫಲಕಗಳಿಂದ ಪರಿಚಿತವಾಗಿರಬಹುದು. ಅವರ ಬದುಕಿನ ತಿರುಳು ಪರಿಚಿತವಾಗಿದೆಯೆಂದು ಹೇಳಲಾಗದು. ಈ ಸ್ಮರಣ ಸಂಚಿಕೆಯ ನೆವದಿಂದ ಅದನ್ನು ಸಂಗ್ರಹವಾಗಿ ನಿರೂಪಿಸುವುದು ಇಲ್ಲಿಯ ಉದ್ದೇಶ.

ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶ ಅಂದು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ತಾಯಿಯ ಆಸರೆಯೇ ಆಸರೆಯಾಯಿತು. ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ವಿದ್ಯಾಭ್ಯಾಸ ಮಾಡಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದು, ಪುಣೆಯಲ್ಲಿ ಕಾನೂನನ್ನು ವ್ಯಾಸಂಗ ಮಾಡಿ, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಅಂದಿನ ತರುಣರ ಮನಸ್ಸನ್ನು ಹೇಗೆ ಸೆಳೆಯಿತೋ ಹಾಗೆಯೇ ಇವರ ಮನಸ್ಸನ್ನೂ ಸೆಳೆಯಿತು. ನಾ. ಸು. ಹರ್ಡೀಕರರ ಸಂಪರ್ಕ ಆ ಒಲವನ್ನು ಗಟ್ಟಿಗೊಳಿಸಿತು.

ಮೈಸೂರು ಸಂಸ್ಥಾನದಲ್ಲಿ ಅದು ಜಾಗೃತಿಯ ಕಾಲ. ನಮ್ಮ ದೊಡ್ಡಬಳ್ಳಾಪುರದವರೇ ಆದ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಮರುವರ್ಷ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿಯುವ ಸತ್ಯಾಗ್ರಹ ನಡೆದಾಗ ನಿಜಲಿಂಗಪ್ಪನವರು ಅದರ ಮುಂಚೂಣಿಯಲ್ಲಿದ್ದು ಸೆರೆಮನೆಯನ್ನು ಕಂಡರು. ಮುಂದೆ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರಲ್ಲಿ ಚಿತ್ರದುರ್ಗದಿಂದ ಚುನಾಯಿತರಾದ ಲೋಕಸಭಾ ಸದಸ್ಯರಾಗಿ ಅವರು ಎಡೆಬಿಡದೆ ಪ್ರತಿಪಾದಿಸಿದ ವಿಷಯವೊಂದೇ: ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂಬುದು.

ಆ ಕನಸು 1956ರ ನವೆಂಬರ್ 1ರಂದು ಫಲಿಸಿತು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ ಮತ್ತು ಕೊಡಗು ಪ್ರದೇಶಗಳು ಒಂದುಗೂಡಿದ ವಿಶಾಲ ಮೈಸೂರು ರಾಜ್ಯಕ್ಕೆ ನಿಜಲಿಂಗಪ್ಪನವರು ಪ್ರಥಮ ಮುಖ್ಯಮಂತ್ರಿಗಳಾದರು. ಆದರೆ ನಾಡು ಒಂದಾದ ಮಾತ್ರಕ್ಕೆ ಮನಸ್ಸುಗಳು ಒಂದಾಗುವುದಿಲ್ಲ. ಹಲವು ಆಡಳಿತಗಳ ಅಡಿಯಲ್ಲಿ ಬೆಳೆದ ಮುಖಂಡರು ಒಂದೇ ಶಾಸಕಾಂಗ ಪಕ್ಷದಲ್ಲಿ ಕುಳಿತಾಗ ಪ್ರಾಂತಾಭಿಮಾನ, ವ್ಯಕ್ತ್ಯಭಿಮಾನ, ಬಣಗಳ ಅಭಿಮಾನ ಇವೆಲ್ಲ ತಲೆಯೆತ್ತಿದವು. ಪಕ್ಷದೊಳಗಿನ ಭಿನ್ನಮತ ಬಲಿತು, 1958ರ ಮೇ ತಿಂಗಳಲ್ಲಿ ಅವರು ಅಧಿಕಾರದಿಂದ ಇಳಿಯಬೇಕಾಯಿತು, ಬಿ. ಡಿ. ಜತ್ತಿಯವರು ನಾಯಕರಾದರು. ಏಕೀಕರಣಕ್ಕಾಗಿ ಹೋರಾಡಿದವರೇ ಸುಮಾರು ಒಂದೂವರೆ ವರ್ಷದಲ್ಲಿ ಸ್ವಪಕ್ಷೀಯರಿಂದಲೇ ಪೀಠವನ್ನು ಬಿಡುವಂತಾದುದು ವಿಧಿವೈಚಿತ್ರ್ಯವೇ ಸರಿ.

1962ರ ಮಹಾಚುನಾವಣೆಯಲ್ಲಿ ಇದಕ್ಕಿಂತಲೂ ಕಠಿನವಾದ ಪರೀಕ್ಷೆಯೊದಗಿತು. ಕಾಂಗ್ರೆಸ್ಸಿಗೆ ಬಹುಮತ ಬಂದಿತಾದರೂ ಹೊಸದುರ್ಗ ಕ್ಷೇತ್ರದಲ್ಲಿ ನಿಜಲಿಂಗಪ್ಪನವರೇ ಸೋತರು. ಆಗ ಶಾಸಕಾಂಗ ಪಕ್ಷದ ನಾಯಕರಾಗಿ ಆಯ್ಕೆಯಾದವರು ಎಸ್. ಆರ್. ಕಂಠಿಯವರು. ಅವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ವಿಧಾನಸಭೆಗೆ ಆಯ್ಕೆಯಾಗಿ ಬಂದೊಡನೆಯೇ, ಜೂನ್ ತಿಂಗಳಲ್ಲಿ, ಕಂಠಿಯವರು ಪೀಠವನ್ನು ತೆರವು ಮಾಡಿ ಅವರ ಸಂಪುಟದಲ್ಲಿಯೇ ಸಚಿವರಾಗಿ ದುಡಿದರು. ಕೈಗೆ ಬಂದ ಅಧಿಕಾರವನ್ನು ಕೇಳಿದೊಡನೆ ಹಿಂದಿರುಗಿಸಿದ ಇಂಥ ಉದಾಹರಣೆ ರಾಜಕಾರಣದಲ್ಲಿ ವಿರಳ. ರಾಮಾಯಣವನ್ನು ಬೋಧಿಸುವ ಅಧ್ಯಾಪಕರು ಭರತನ ಪ್ರಸಂಗ ಬಂದಾಗ ಕಂಠಿಯವರ ಹೆಸರನ್ನು ಒಮ್ಮೆ ನೆನೆಯುವುದು ಅನುಚಿತವಾಗಲಾರದು.

ಎರಡನೆಯ ಬಾರಿ ಸುಮಾರು ಆರು ವರ್ಷಗಳ ಕಾಲ ನಡೆದ ಅವರ ಆಡಳಿತದಲ್ಲಿ ಶರಾವತಿಯ ವಿದ್ಯುತ್ತು ನಾಡಿಗೆ ಹರಿಯತೊಡಗಿತು; 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ ಕೃಷಿ ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡವು. ಅಂದು ಹೊಲಗದ್ದೆಗಳ ಊರಾಗಿದ್ದ ನಮ್ಮ ಬಾಶೆಟ್ಟಿಹಳ್ಳಿ ಇಂದು ಕೈಗಾರಿಕೆಗಳ ನಡುವೆ ನಿಂತಿದೆ. ಇಂಥ ಬೆಳವಣಿಗೆಗೆ ವಿದ್ಯುತ್ತು ಮತ್ತು ವಿದ್ಯೆ ಎಂಬೆರಡು ಅಡಿಗಲ್ಲುಗಳು ಬೇಕೆಂಬುದನ್ನು ಆ ತಲೆಮಾರಿನ ಆಡಳಿತಗಾರರು ಅರಿತಿದ್ದರು.

1968ರ ಜನವರಿಯಲ್ಲಿ ಹೈದರಾಬಾದಿನ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ಅದೇ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿಪದವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಕನ್ನಡಿಗರೊಬ್ಬರಿಗೆ ಇದು ಮಹತ್ತರವಾದ ಗೌರವ. ಆದರೆ ಆ ಪೀಠದ ಕೆಳಗೆ ನೆಲ ಬಿರುಕುಬಿಡತೊಡಗಿತ್ತು. 1967ರ ಚುನಾವಣೆಯಲ್ಲಿ ಹಲವು ರಾಜ್ಯಗಳನ್ನು ಕಳೆದುಕೊಂಡ ಪಕ್ಷದೊಳಗೆ, ಸಂಘಟನೆಯನ್ನು ಹಿಡಿದಿದ್ದ ಹಿರಿಯರು ಒಂದು ಕಡೆ, ಪ್ರಧಾನಿ ಇಂದಿರಾ ಗಾಂಧಿಯವರು ಮತ್ತೊಂದು ಕಡೆ, ಹೀಗೆ ಎರಡು ಶಕ್ತಿಗಳು ಎದುರುಬದುರಾಗಿ ನಿಂತಿದ್ದವು. ಪಕ್ಷದ ಅಧ್ಯಕ್ಷನು ದೊಡ್ಡವನೋ ಸರ್ಕಾರದ ಪ್ರಧಾನಿ ದೊಡ್ಡವರೋ ಎಂಬ ಪ್ರಶ್ನೆ ಬೂದಿ ಮುಚ್ಚಿದ ಕೆಂಡದಂತಿತ್ತು.

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ನಿಧನರಾದಾಗ ಆ ಬೂದಿ ಹಾರಿಹೋಯಿತು. ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿತು. ಫಲಪುಷ್ಪ ಪ್ರದರ್ಶನಕ್ಕಾಗಿ ನಾವು ಮಕ್ಕಳನ್ನು ಕರೆದೊಯ್ಯುವ ಆ ತಾಣದಲ್ಲಿ ಅಂದು ದೇಶದ ರಾಜಕೀಯದ ದಿಕ್ಕೇ ಬದಲಾಯಿತೆಂಬುದನ್ನು ಬಲ್ಲವರು ಕೆಲವರು ಮಾತ್ರ. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ಅಭ್ಯರ್ಥಿಯನ್ನಾಗಿ ನಿರ್ಧರಿಸಿತು. ಪ್ರಧಾನಿಯವರ ಒಲವು ಜಗಜೀವನ ರಾಮರ ಕಡೆಗಿತ್ತು. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ಸಹಿ ಮಾಡಿದರು.

ಮುಂದಿನ ಘಟನೆಗಳು ಬಿರುಗಾಳಿಯ ವೇಗದಲ್ಲಿ ನಡೆದವು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. 19ರಂದು 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರನು ಅಭ್ಯರ್ಥಿಗಳನ್ನು ಒಂದು, ಎರಡು ಎಂದು ಪ್ರಾಶಸ್ತ್ಯಕ್ರಮದಲ್ಲಿ ಗುರುತಿಸುತ್ತಾನೆ; ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಕಡಿಮೆ ಪಡೆದವರ ಮತಪತ್ರಗಳಲ್ಲಿರುವ ಎರಡನೆಯ ಪ್ರಾಶಸ್ತ್ಯ ಉಳಿದವರಿಗೆ ಸಲ್ಲುತ್ತದೆ. ಈ ಲೆಕ್ಕವನ್ನರಿತ ನಿಜಲಿಂಗಪ್ಪನವರು, ದೇಶಮುಖರನ್ನು ಬೆಂಬಲಿಸುವವರು ತಮ್ಮ ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಬೇಕೆಂದು ಆ ಎರಡು ಪಕ್ಷಗಳ ಮುಖಂಡರೊಡನೆ ಮಾತುಕತೆ ನಡೆಸಿದರು.

ಎಣಿಕೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ರಾಜನೀತಿಯ ದೃಷ್ಟಿಯಿಂದ ಇದೇ ಮುಳುವಾಯಿತು. ಪಕ್ಷದ ಶಿಸ್ತನ್ನು ಕೇಳುವ ಅಧ್ಯಕ್ಷರು ವಿರೋಧಿಗಳ ಬಾಗಿಲಿಗೆ ಹೋದರೆಂಬ ಆಕ್ಷೇಪಕ್ಕೆ ಇದರಿಂದ ಅವಕಾಶವಾಯಿತು. ಜಗಜೀವನ ರಾಮರೂ ಫಕ್ರುದ್ದೀನ್ ಅಲಿ ಅಹಮದರೂ ವಿವರಣೆಯನ್ನು ಕೇಳಿದರು. ಪ್ರಧಾನಿಯವರು ಪಕ್ಷದ ಅಭ್ಯರ್ಥಿಗೇ ಮತ ನೀಡಿರೆಂದು ಆದೇಶಿಸಲು ಒಪ್ಪದೆ, ಸದಸ್ಯರು ಆತ್ಮಸಾಕ್ಷಿಗನುಗುಣವಾಗಿ ಮತ ಚಲಾಯಿಸಬಹುದೆಂಬ ನಿಲುವನ್ನು ತಾಳಿದರು.

ಆಗಸ್ಟ್ 16ರಂದು ಮತದಾನ ನಡೆದು 20ರಂದು ಫಲಿತಾಂಶ ಹೊರಬಿದ್ದಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಯಾರಿಗೂ ಅಗತ್ಯವಾದ ಮಿತಿ ಮುಟ್ಟಲಿಲ್ಲ. ಎರಡನೆಯ ಪ್ರಾಶಸ್ತ್ಯಗಳು ಸೇರಿದ ಮೇಲೆ ಗಿರಿಯವರದು 4,20,077, ರೆಡ್ಡಿಯವರದು 4,05,427 ಆಯಿತು. ನಿಜಲಿಂಗಪ್ಪನವರ ಲೆಕ್ಕ ಬಹುಮಟ್ಟಿಗೆ ನಿಜವಾಯಿತು. ದೇಶಮುಖರ ಮತಗಳ ಬಹುಭಾಗ ರೆಡ್ಡಿಯವರಿಗೇ ಬಂದಿತು. ತಪ್ಪಿದುದು ತಮ್ಮ ಮನೆಯವರ ಲೆಕ್ಕ. 14,650ರ ಅಂತರದಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಕಾಂಗ್ರೆಸ್ಸಿಗರಿಂದಲೇ ಸೋತರು.

ಆಮೇಲೆ ಐಕ್ಯದ ನಿರ್ಣಯವೊಂದು ಹೊರಬಂದಿತಾದರೂ ಅದು ಕಾಗದದಲ್ಲಿಯೇ ಉಳಿಯಿತು. ಹೊಸ ಅಧ್ಯಕ್ಷರನ್ನು ಆರಿಸಬೇಕೆಂದು ಪ್ರಧಾನಿಯವರ ಪಕ್ಷದವರು ಸಹಿ ಸಂಗ್ರಹಿಸತೊಡಗಿದರು. ಅಧ್ಯಕ್ಷರು ಫಕ್ರುದ್ದೀನ್ ಅಲಿ ಅಹಮದ್ ಮತ್ತು ಸಿ. ಸುಬ್ರಹ್ಮಣ್ಯಂ ಅವರನ್ನು ಕಾರ್ಯಕಾರಿ ಸಮಿತಿಯಿಂದ ಕೈಬಿಟ್ಟರು. ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಕಾರ್ಯಕಾರಿ ಸಮಿತಿಯ ಹೆಸರಿನಲ್ಲಿ ಎರಡು ಸಭೆಗಳು ನಡೆದವು: ಒಂದು ಪಕ್ಷದ ಕಚೇರಿಯಲ್ಲಿ, ಮತ್ತೊಂದು ಪ್ರಧಾನಿಯವರ ನಿವಾಸದಲ್ಲಿ. ಸಂಸ್ಕೃತದಲ್ಲಿ ದ್ವಿವಚನವುಂಟು, ಕನ್ನಡದಲ್ಲಿಲ್ಲ. ಕನ್ನಡಿಗರೊಬ್ಬರು ಅಧ್ಯಕ್ಷರಾಗಿದ್ದಾಗಲೇ ಕಾಂಗ್ರೆಸ್ ಎಂಬ ಪದ ದ್ವಿವಚನವಾಯಿತು. ನವೆಂಬರ್ 1 ನಾಡು ಒಂದಾದ ದಿನವೂ ಹೌದೆಂಬುದನ್ನು ನೆನೆದರೆ ಅವರ ಅಂದಿನ ಮನೋವೇದನೆಯನ್ನು ನಾವು ಊಹಿಸಬಹುದು.

ನವೆಂಬರ್ 12ರಂದು ಪ್ರಧಾನಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಆದರೆ ಸಂಸದೀಯ ಪಕ್ಷದ ಬಹುಸಂಖ್ಯಾತರು ಪ್ರಧಾನಿಯವರೊಡನೆಯೇ ನಿಂತರು. ಇತರ ಪಕ್ಷಗಳ ಬೆಂಬಲದಿಂದ ಅವರ ಸರ್ಕಾರ ಉಳಿಯಿತು. ನಿಜಲಿಂಗಪ್ಪನವರ ಪಕ್ಷ ಸಂಸ್ಥಾ ಕಾಂಗ್ರೆಸ್ ಎಂದು ಕರೆಸಿಕೊಂಡಿತು. ಅದರ ರಾಮ ಸುಭಗ್ ಸಿಂಗರು ಲೋಕಸಭೆಯಲ್ಲಿ ಅಧಿಕೃತ ಮನ್ನಣೆ ಪಡೆದ ಪ್ರಥಮ ವಿರೋಧಪಕ್ಷದ ನಾಯಕರಾದರು. ನಮ್ಮ ಹಿರಿಯರಿಗೆ ಚಿರಪರಿಚಿತವಾಗಿದ್ದ ಜೋಡೆತ್ತಿನ ಗುರುತು ಇಬ್ಬರಿಗೂ ಇಲ್ಲವಾಯಿತು. ಒಬ್ಬರಿಗೆ ಹಸುಕರು, ಮತ್ತೊಬ್ಬರಿಗೆ ಚರಕ ನೂಲುವ ಮಹಿಳೆ ದೊರೆತವು. 1971ರ ಚುನಾವಣೆಯಲ್ಲಿ ಜನತೆಯ ತೀರ್ಪು ಸ್ಪಷ್ಟವಾಯಿತು: ಇಂದಿರಾ ಗಾಂಧಿಯವರ ಪಕ್ಷಕ್ಕೆ 352 ಸ್ಥಾನಗಳು, ಸಂಸ್ಥಾ ಕಾಂಗ್ರೆಸ್ಸಿಗೆ 16. ನಮ್ಮ ರಾಜ್ಯದ 27 ಸ್ಥಾನಗಳಲ್ಲಿ ಒಂದೂ ಸಂಸ್ಥಾ ಕಾಂಗ್ರೆಸ್ಸಿಗೆ ಬರಲಿಲ್ಲ.

ನಿಜಲಿಂಗಪ್ಪನವರು ಮಾಡಿದುದು ಸರಿಯೇ ತಪ್ಪೇ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಬಡವರ ಪರವಾದ ಕಾರ್ಯಕ್ರಮಗಳಿಗೆ ಹಿರಿಯರು ಅಡ್ಡಿಯಾದರೆಂದು ಅಂದಿನ ಜನತೆ ನಂಬಿತು. ಆ ನಂಬಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ವಿರೋಧಪಕ್ಷಗಳೊಡನೆ ನಡೆಸಿದ ಮಾತುಕತೆ ಅಧ್ಯಕ್ಷರ ನೈತಿಕ ಬಲವನ್ನು ಕುಗ್ಗಿಸಿತೆಂಬುದನ್ನೂ ಒಪ್ಪಬೇಕು. ಆದರೆ ಇನ್ನೊಂದು ಪಾರ್ಶ್ವವೂ ಇದೆ. ಸಭೆ ಸೇರಿ ಬಹುಮತದಿಂದ ಕೈಗೊಂಡ ನಿರ್ಣಯಕ್ಕೆ, ಅದು ತನಗೆ ರುಚಿಸಲಿ ಬಿಡಲಿ, ಎಲ್ಲರೂ ಬದ್ಧರಾಗಿರಬೇಕೆಂಬುದು ಅವರ ವಾದ. ಸಂಸ್ಥೆ ವ್ಯಕ್ತಿಗಿಂತ ದೊಡ್ಡದೆಂಬುದೇ ಅದರ ಸಾರ. ಒಡಕಿನ ನಂತರ ಆ ಮಹಾಪಕ್ಷದಲ್ಲಿ 1972ರಿಂದ 1992ರವರೆಗೆ, ಸುಮಾರು 20 ವರ್ಷಗಳ ಕಾಲ, ಆಂತರಿಕ ಚುನಾವಣೆಗಳೇ ನಡೆಯಲಿಲ್ಲವೆಂಬುದನ್ನು ನೋಡಿದರೆ ಅವರ ಆತಂಕ ನಿರಾಧಾರವಾಗಿರಲಿಲ್ಲವೆಂದು ತೋರುತ್ತದೆ. ಪೀಠಕ್ಕೆ ಕಟ್ಟುಬಿದ್ದು ಸೋಲುವ ಪಕ್ಷದಲ್ಲಿ ನಿಂತ ಭೀಷ್ಮರ ಸ್ಥಿತಿ ಅವರದಾಗಿತ್ತು. ಭೀಷ್ಮರ ಪಕ್ಷ ಸೋತಿತೆಂದು ಅವರ ವ್ರತವನ್ನು ಯಾರೂ ಹಳಿಯುವುದಿಲ್ಲ. ವ್ರತವಿತ್ತೆಂದು ಅವರ ನಡೆಯೆಲ್ಲವೂ ಸರಿಯೆಂದೂ ಹೇಳುವುದಿಲ್ಲ.

ಕಾಲಚಕ್ರ ಮತ್ತೊಮ್ಮೆ ತಿರುಗಿತು. 1977ರಲ್ಲಿ ಸಂಸ್ಥಾ ಕಾಂಗ್ರೆಸ್ ಜನತಾ ಪಕ್ಷದಲ್ಲಿ ವಿಲೀನವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ರಾಷ್ಟ್ರಪತಿಯಾಗಿದ್ದ ಫಕ್ರುದ್ದೀನ್ ಅಲಿ ಅಹಮದರು ನಿಧನರಾದರು. ಉಪರಾಷ್ಟ್ರಪತಿ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈ ತಿಂಗಳಲ್ಲಿ ಅವರಿಂದ ಅಧಿಕಾರವನ್ನು ವಹಿಸಿಕೊಂಡವರು ಅವಿರೋಧವಾಗಿ ಆಯ್ಕೆಯಾದ ನೀಲಂ ಸಂಜೀವ ರೆಡ್ಡಿಯವರು. ತಾವು ಕಾರ್ಯಕಾರಿ ಸಮಿತಿಯಿಂದ ಕೈಬಿಟ್ಟವರು, 1958ರಲ್ಲಿ ತಮ್ಮ ಸ್ಥಾನಕ್ಕೆ ಬಂದವರು, ತಾವು ಗೆಲ್ಲಿಸಲಾಗದೆ ಹೋದವರು, ಈ ಮೂವರೂ ಒಬ್ಬರಾದ ಮೇಲೊಬ್ಬರಂತೆ ರಾಷ್ಟ್ರಪತಿಭವನದಲ್ಲಿ ಕುಳಿತುದನ್ನು ನಿಜಲಿಂಗಪ್ಪನವರು ಕಂಡರು. ಸೋಲುಗೆಲುವುಗಳು ಎಷ್ಟು ಅಸ್ಥಿರವೆಂಬುದಕ್ಕೆ ಬೇರೆ ನಿದರ್ಶನವೇಕೆ?

ಮುಪ್ಪಿನ ದಿನಗಳಲ್ಲಿ ಅವರು ತಮ್ಮ ಬದುಕನ್ನು ಕುರಿತು ಗ್ರಂಥವೊಂದನ್ನು ರಚಿಸಿದರು. 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಆ ಊರಿನ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಸಂಘವಾಗಲಿ, ಸಮಿತಿಯಾಗಲಿ, ವಿದ್ಯಾಸಂಸ್ಥೆಯಾಗಲಿ, ಹಲವರು ಸೇರಿ ನಡೆಸುವ ಎಲ್ಲೆಡೆಯೂ ಭಿನ್ನಮತ ಸಹಜ. ಒಬ್ಬರು ಗೆಲ್ಲುತ್ತಾರೆ, ಮತ್ತೊಬ್ಬರು ಸೋಲುತ್ತಾರೆ. ಗೆದ್ದವರು ಸೋತವರನ್ನು ಹೊರಗಟ್ಟದೆ, ಸೋತವರು ಸಂಸ್ಥೆಯನ್ನು ಒಡೆಯದೆ ನಡೆದುಕೊಂಡರೆ ಮಾತ್ರ ಹಿರಿಯರು ಕಟ್ಟಿದುದು ಉಳಿಯುತ್ತದೆ. 1962ರ ಕಂಠಿಯವರ ನಡೆ ಉಳಿಸುವ ಮಾರ್ಗವನ್ನು ತೋರಿತು. 1969ರ ಕಲಹ ಒಡೆಯುವ ಮಾರ್ಗವನ್ನು ತೋರಿತು. ನಿಜಲಿಂಗಪ್ಪನವರ ಬದುಕು ಇವೆರಡನ್ನೂ ಕಂಡಿತು. ನಮ್ಮ ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಮಹಾದಾನಿಗಳೂ ಈ ಎರಡು ಚಿತ್ರಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲೆಂಬುದೇ ಈ ಬರಹದ ಪ್ರಾರ್ಥನೆ.