ಕ್ರಿಶ್ಚಿಯನ್ ಕಾಲೇಜಿಗೆ ಹೊಸ ದಾರಿ ತೋರಿದ ಡಾ. ವಿಲಿಯಂ ಮಿಲ್ಲರ್

ಚೆನ್ನೈ: ಪ್ಯಾರಿಸ್ ಕಾರ್ನರ್‌ನಲ್ಲಿ ಬಸ್ಸಿಳಿದು ಹೈಕೋರ್ಟಿನ ಎದುರು ಎನ್.ಎಸ್.ಸಿ. ಬೋಸ್ ರಸ್ತೆಯಲ್ಲಿ ನಡೆದರೆ ಆಂಡರ್ಸನ್ ಚರ್ಚ್ ಸಿಗುತ್ತದೆ. ಈಗ ತಾಂಬರಂನಲ್ಲಿರುವ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸುಮಾರು ನೂರು ವರ್ಷ ಇದೇ ಜಾರ್ಜ್ ಟೌನಿನಲ್ಲಿತ್ತು. ಒಂದು ಮಿಷನ್ ಶಾಲೆಯನ್ನು ಹೆಸರಾಂತ ಕಾಲೇಜನ್ನಾಗಿ ಮಾಡಿದ ಕೀರ್ತಿ ಡಾ. ವಿಲಿಯಂ ಮಿಲ್ಲರ್ ಅವರಿಗೆ ಸಲ್ಲುತ್ತದೆ.

1838ರಲ್ಲಿ ಸ್ಕಾಟ್ಲೆಂಡಿನ ಥರ್ಸೊದಲ್ಲಿ ಜನಿಸಿದ ಮಿಲ್ಲರ್ 1862ರ ಕೊನೆಯಲ್ಲಿ ಮದ್ರಾಸಿಗೆ ಬಂದಾಗ ಅವರಿಗೆ 24 ವರ್ಷ. ಸ್ವಲ್ಪ ಕಾಲದಲ್ಲೇ ಶಾಲೆಯ ಹೊಣೆ ಅವರ ಹೆಗಲೇರಿತು. 1837ರಲ್ಲಿ ಈ ಶಾಲೆ ತೆರೆದ ಜಾನ್ ಆಂಡರ್ಸನ್ ಅವರ ಗುರಿ ಮತಾಂತರವಾಗಿತ್ತು. 1841ರಲ್ಲಿ ಕೆಲ ವಿದ್ಯಾರ್ಥಿಗಳು ಕ್ರೈಸ್ತರಾದಾಗ ಹಿಂದೂ ತಂದೆತಾಯಿಗಳು ಗಾಬರಿಗೊಂಡು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಊರಿನ ನಂಬಿಕೆ ಇಲ್ಲದೆ ಶಾಲೆ ಎಷ್ಟು ದಿನ ನಡೆದೀತು?

ಮಿಲ್ಲರ್ ದಾರಿ ಬದಲಿಸಿದರು. ಎಷ್ಟು ಮಂದಿ ಮತಾಂತರಗೊಂಡರು ಎಂಬ ಲೆಕ್ಕ ಬಿಟ್ಟು, ಎಲ್ಲ ಜಾತಿಮತದ ಹುಡುಗರಿಗೂ ಒಳ್ಳೆಯ ಉನ್ನತ ಶಿಕ್ಷಣ ಕೊಡುವುದೇ ಮಿಷನ್ನಿನ ಕೆಲಸ ಎಂದರು. ವಿಶ್ವವಿದ್ಯಾನಿಲಯ ಆಗಷ್ಟೇ 1857ರಲ್ಲಿ ಸ್ಥಾಪನೆಯಾಗಿತ್ತು, ಸರಕಾರದ ಅನುದಾನವೂ ಸಿಗುತ್ತಿತ್ತು. ಎರಡನ್ನೂ ಬಳಸಿಕೊಂಡು 1860ರ ದಶಕದಲ್ಲೇ ಕಾಲೇಜು ತರಗತಿಗಳನ್ನು ಆರಂಭಿಸಿದರು.

ಒಂದೇ ಚರ್ಚಿನ ಹಣದಿಂದ ಕಾಲೇಜು ಬೆಳೆಯದು ಎಂಬುದನ್ನೂ ಅವರು ಬೇಗ ಅರಿತರು. ಚರ್ಚ್ ಮಿಷನರಿ ಸೊಸೈಟಿಯನ್ನೂ ವೆಸ್ಲಿಯನ್ ಮಿಷನ್ನನ್ನೂ (ಮೈಸೂರಿನ ವೆಸ್ಲಿ ಪ್ರೆಸ್ ನಡೆಸಿದವರು ಇವರೇ) ಒಪ್ಪಿಸಿದರು. 1877ರಲ್ಲಿ ಅದು ಎಲ್ಲರ ಕ್ರಿಶ್ಚಿಯನ್ ಕಾಲೇಜಾಯಿತು. ಬೇರೆ ಬೇರೆ ಪಂಗಡಗಳನ್ನು ಒಂದೇ ಕಾಲೇಜಿಗೆ ಹಣ ಕೊಡುವಂತೆ ಮಾಡುವುದು ಎಷ್ಟು ಕಷ್ಟ ಎಂಬುದು ಸಂಘ ಸಂಸ್ಥೆ ನಡೆಸಿದವರಿಗೆಲ್ಲ ಗೊತ್ತು! ಹೊರಊರಿನ ಹುಡುಗರಿಗಾಗಿ ಹಾಸ್ಟೆಲುಗಳು ಬಂದವು. ಮಿಲ್ಲರ್ ತಮ್ಮ ಸ್ವಂತ ಹಣವನ್ನೂ ಕಾಲೇಜಿಗೆ ಹಾಕಿದರು.

ತಾಯ್ನಾಡಿನಲ್ಲಿ ಟೀಕೆ ಬಾರದೆ ಇರಲಿಲ್ಲ. ಇಷ್ಟು ಖರ್ಚಿಗೆ ಮತಾಂತರವಾದವರು ಬೆರಳೆಣಿಕೆಯಷ್ಟೇ ಎಂಬ ಆಕ್ಷೇಪ ವರ್ಷಗಟ್ಟಲೆ ನಡೆಯಿತು. ಚರ್ಚ್ ಕೈಬಿಟ್ಟಿದ್ದರೆ ಕಾಲೇಜೇ ಮುಚ್ಚಬೇಕಿತ್ತು. ಮಿಲ್ಲರ್ ಜಗ್ಗಲಿಲ್ಲ. ಹಾಗೆಂದು ಅವರು ಮಿಷನರಿಯಾಗಿ ಉಳಿಯಲಿಲ್ಲ ಎನ್ನುವಂತಿಲ್ಲ. ಬೈಬಲ್ ಪಾಠಕ್ಕೆ ಎಲ್ಲರೂ ಕೂರಬೇಕಿತ್ತು. ಅದೇ ಚರ್ಚ್ 1896ರಲ್ಲಿ ಅವರನ್ನು ತನ್ನ ಮಹಾಸಭೆಯ ಅಧ್ಯಕ್ಷರನ್ನಾಗಿ ಆರಿಸಿತು.

ಶೇಕ್ಸ್‌ಪಿಯರ್ ನಾಟಕಗಳ ಬಗ್ಗೆ ಪುಸ್ತಕ ಬರೆದ ಮಿಲ್ಲರ್, 1882ರ ಹಂಟರ್ ಶಿಕ್ಷಣ ಆಯೋಗದ ಸದಸ್ಯರೂ, ಮುಂದೆ ಮದ್ರಾಸ್ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆಗಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವವರೆಗೆ ಬೆಂಗಳೂರು, ಮೈಸೂರಿನ ಕಾಲೇಜುಗಳ ಕನ್ನಡಿಗರಿಗೂ ಪದವಿ ಕೊಡುತ್ತಿದ್ದುದು ಇದೇ ಮದ್ರಾಸ್ ವಿಶ್ವವಿದ್ಯಾನಿಲಯ.

ಅವರ ಅವಧಿಯ ಕೊನೆಯ ವರ್ಷಗಳಲ್ಲಿ ಈ ಕಾಲೇಜು ಸೇರಿದವರಲ್ಲಿ ಎಸ್. ರಾಧಾಕೃಷ್ಣನ್ ಒಬ್ಬರು. ಕ್ರೈಸ್ತ ಕಾಲೇಜಿನಲ್ಲಿ ಓದಿ ಅವರು ಎಂ.ಎ.ಗೆ ಬರೆದ ಪ್ರಬಂಧದ ವಿಷಯ ವೇದಾಂತದ ನೀತಿ. ಮುಂದೆ 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು.

ಮಿಲ್ಲರ್ ಬದುಕಿರುವಾಗಲೇ, 1901ರಲ್ಲಿ, ಕಾಲೇಜಿನ ಎದುರಿಗೆ ಅವರ ಪ್ರತಿಮೆ ಸ್ಥಾಪನೆಯಾಯಿತು. 1907ರಲ್ಲಿ ನಿವೃತ್ತರಾದ ಅವರು 1923ರಲ್ಲಿ ಎಡಿನ್‌ಬರೊದಲ್ಲಿ ನಿಧನರಾದರು. ಕಾಲೇಜು ತಾಂಬರಂಗೆ ಸ್ಥಳಾಂತರಗೊಂಡಿದ್ದು 1937ರಲ್ಲಿ.